ಲೈನ್ ಮನೆಯ ಫ್ಲೂಗೆ 48 ಗಂಟೆಯೊಳಗೆ ಮಾತ್ರೆ: ನನ್ನ ಅನುಭವ

ಮಳೆಗಾಲದ ಫ್ಲೂಗೆ ಒಸೆಲ್ಟಾಮಿವಿರ್ ಎಂಬ ವೈರಸ್ ತಡೆಯುವ ಮಾತ್ರೆ ಕೊಡುವುದು ದುಡ್ಡು ದಂಡ ಎಂದು ನಮ್ಮ ಕಡೆಯ ವೈದ್ಯರೇ ಹೇಳುತ್ತಿದ್ದರು. ಗಟ್ಟಿಮುಟ್ಟಾದ ಹುಡುಗನ ಮಟ್ಟಿಗೆ ಅದು ಸರಿ. ಕಾಯಿಲೆ ಒಂದು ದಿನ ಮುಂಚೆ ಇಳಿಯಬಹುದು, ಅಷ್ಟೇ. ಅವನಿಗೆ ನಾನೂ ಬರೆಯುವುದಿಲ್ಲ. ಆದರೆ ಕೊಡಗಿನ ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಬಸುರಿ ಹೆಂಗಸು, ಸಕ್ಕರೆ ಕಾಯಿಲೆಯ ಅಜ್ಜಿ, ಉಬ್ಬಸದ ಮಗು ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಇವರಿಗೆ ಮಾತ್ರೆ ಬೇಕೇ ಬೇಕು, ಅದೂ ಬೇಗ, ಜ್ವರ ಶುರುವಾದ 48 ಗಂಟೆಯೊಳಗೆ.

ಮೊದಲೆರಡು ಮಳೆಗಾಲ ಏನೂ ಕೈಗೂಡಲಿಲ್ಲ. ಜ್ವರ ಬಂದ ದಿನ ಕಷಾಯ, ಮಾರನೇ ದಿನ ಅಂಗಡಿಯ ಆಂಟಿಬಯೋಟಿಕ್, ಸಂತೆ ದಿನ ನನ್ನ ಕ್ಲಿನಿಕ್. ಅಷ್ಟರಲ್ಲಿ 48 ಗಂಟೆ ದಾಟಿರುತ್ತಿತ್ತು. ಗಂಟಲ ಸ್ವಾಬ್ ಕಳಿಸಿ ವರದಿಗೆ ಕಾಯುತ್ತ ಕೂತರೆ ಇನ್ನೂ ತಡ.

ದಾರಿ ಸಿಕ್ಕಿದ್ದು ತೋಟದ ಲೆಕ್ಕ ಬರೆಯುವ ರೈಟರ್, ಮೇಸ್ತ್ರಿಗಳಿಂದ. ಯಾರು ಕೆಲಸಕ್ಕೆ ಬಂದಿಲ್ಲ ಎಂಬುದು ಬೆಳಗಿನ ಹಾಜರಿಯಲ್ಲೇ ಅವರಿಗೆ ಗೊತ್ತಾಗುತ್ತದೆ. ಈಗ ಆ ಹೊತ್ತಿಗೇ ನನಗೆ ಫೋನ್ ಬರುತ್ತದೆ. ಜ್ವರ ಯಾವಾಗಿಂದ ಎಂದರೆ ಎಲ್ಲರೂ "ನಿನ್ನೆಯಿಂದ" ಎನ್ನುತ್ತಾರೆ. ಅದು ಸಾಲದು. ಸಂಜೆ ಟೀ ಕುಡಿಯುವಾಗ ಚಳಿ ಇತ್ತಾ, ರಾತ್ರಿ ಊಟ ಸೇರಿತಾ ಎಂದು ಕೇಳಿದರೆ ಗಂಟೆ ಸಿಗುತ್ತದೆ. ಆಮೇಲೆ ಮೀನಖಂಡ ಒತ್ತಿ ನೋಡುತ್ತೇನೆ. ನೋವಿಗೆ ಕಾಲು ಎಳೆದುಕೊಂಡರೆ, ಕಣ್ಣೂ ಕೆಂಪಗಿದ್ದರೆ ಇಲಿಜ್ವರದ ಚಿಕಿತ್ಸೆಯನ್ನೂ ತಡಮಾಡುವುದಿಲ್ಲ.

ದುಡ್ಡಿನ ವಿಚಾರ. ಹತ್ತು ಕ್ಯಾಪ್ಸೂಲಿನ ಪಟ್ಟಿಗೆ ನಾನೂರೈವತ್ತು, ಐನೂರರ ಆಸುಪಾಸು. ಕೂಲಿಯವರಿಗೆ ಇದು ಹೊರೆ. ಐಸಿಯುನ ಒಂದು ರಾತ್ರಿಯ ಬಿಲ್ ಮುಂದಿಟ್ಟ ಮೇಲೆ ಕೆಲವು ಮಾಲೀಕರು ಅರ್ಧ ಕೊಡಲು ಒಪ್ಪಿದರು. 2017ರವರೆಗೆ ಇದು ಮಾರಾಟಕ್ಕೆ ಬಹಳ ಕಟ್ಟುನಿಟ್ಟಿರುವ ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿತ್ತು, ಸಣ್ಣ ಪೇಟೆಯ ಮೆಡಿಕಲ್‌ನಲ್ಲಿ ಕೇಳುವಂತೆಯೇ ಇರಲಿಲ್ಲ. ಅದಕ್ಕಿಂತ ಸಡಿಲವಾದ ಎಚ್1 ಪಟ್ಟಿಗೆ ಬಂದ ಮೇಲೂ ಡೇಟ್ ಮುಗಿದು ನಷ್ಟವಾಗುತ್ತದೆಂದು ಅಂಗಡಿಯವರು ಹಿಂಜರಿದರು. ಅವರನ್ನು ಒಪ್ಪಿಸಿದ ಬಗೆ ನನ್ನಲ್ಲೇ ಇರಲಿ.

ಎರಡನೇ ದಿನ ಜ್ವರ ಬಿಟ್ಟರೆ ಉಳಿದ ಮಾತ್ರೆ ಪಕ್ಕದ ಮನೆಗೆ ಹೋಗುತ್ತಿತ್ತು. ಈಗ ಪಟ್ಟಿ ಮೇಸ್ತ್ರಿಯ ಕೈಯಲ್ಲಿರುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು, ಐದು ದಿನ, ಅವರೆದುರೇ ನುಂಗಬೇಕು. ಗಂಜಿ ಕುಡಿಸಿ ಕೊಟ್ಟರೆ ವಾಂತಿ ಬಹಳ ಕಡಿಮೆ.

ಮಕ್ಕಳ ಸಿರಪ್ ಸಿಗದಾಗ, ತೂಕಕ್ಕೆ ತಕ್ಕ 30 ಅಥವಾ 45 ಮಿಲಿಗ್ರಾಂ ಕ್ಯಾಪ್ಸೂಲ್ ಬಿಚ್ಚಿ ಕೊಡಗಿನ ಜೇನಿನಲ್ಲಿ ಕಲಸಿ ನೋಡಿದೆ. ಕಹಿ ಹೋಗಲಿಲ್ಲ, ಮಕ್ಕಳು ಉಗಿದವು. ವರ್ಷ ತುಂಬದ ಕೂಸಿಗೆ ಜೇನು ಕೊಡುವಂತೆಯೂ ಇಲ್ಲ. ಗಟ್ಟಿ ಬೆಲ್ಲದ ಪಾಕ ಗೆದ್ದಿತು.

ತಡೆಗೆಂದು ಇಡೀ ಲೈನಿಗೆ ಹಂಚಿ ಎಂದು ಒಬ್ಬ ಮಾಲೀಕರು ಹಟ ಹಿಡಿದರು. ನಾನು ಒಪ್ಪಲಿಲ್ಲ. ರೋಗಿಯ ಕೋಣೆಯಲ್ಲೇ ಇರುವ, ಅಪಾಯ ಹೆಚ್ಚಿರುವವರಿಗೆ ಮಾತ್ರ: ದೊಡ್ಡವರಿಗೆ 75 ಮಿಲಿಗ್ರಾಂ ದಿನಕ್ಕೊಂದು, ಹತ್ತು ದಿನ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ನೋಡದೆ ಅಜ್ಜಿಗೆ ಡೋಸ್ ಬರೆಯುವುದಿಲ್ಲ. ನಡುವೆ ಜ್ವರ ಬಂದರೆ ಅದೇ ದಿನ ದಿನಕ್ಕೆರಡಕ್ಕೆ ಏರಿಸಬೇಕು. ಕಡಿಮೆ ಡೋಸಿನಲ್ಲಿ ಎಳೆದರೆ ವೈರಸ್ ಮದ್ದಿಗೆ ಬಗ್ಗದಂತಾಗುವ ಅಪಾಯವಿದೆ.

ಹೋದ ಮಳೆಗಾಲ ನಾನು ನೋಡುವ ಲೈನ್‌ಗಳಲ್ಲಿ ಮೂವತ್ತು, ಮೂವತ್ತೈದು ಜನರಿಗೆ ಹೀಗೆ ಕೊಟ್ಟಿರಬೇಕು. ಆಸ್ಪತ್ರೆ ಸೇರಿದವರು ಇಬ್ಬರೋ ಮೂವರೋ. ಹಿಂದಿನ ವರ್ಷಗಳಲ್ಲಿ ಅಷ್ಟು ಜನ ಒಂದೇ ವಾರದಲ್ಲಿ ಮೈಸೂರಿಗೆ ಹೋಗುತ್ತಿದ್ದರು. ಈ ಸಲ ಮೇ ತಿಂಗಳಲ್ಲೇ ಬಸುರಿಯರಿಗೂ ವಯಸ್ಸಾದವರಿಗೂ ಫ್ಲೂ ಲಸಿಕೆ ಹಾಕಿಸಲು ಎರಡು ತೋಟದವರು ದುಡ್ಡು ಕಟ್ಟಿದ್ದಾರೆ. ಮೂರನೆಯವರ ಜೊತೆ ಮಾತು ನಡೆದಿದೆ.