ವೈಫೈ ಕಾಣದ ಲ್ಯಾಪ್‌ಟಾಪಿಗೆ ಹೊಸ ಉಬುಂಟು

ಉಬುಂಟು ಥರದ ಲಿನಕ್ಸ್ ಹಾಕಿರೋ ಲ್ಯಾಪ್‌ಟಾಪಲ್ಲಿ ವೈಫೈ ಕಾಣಿಸ್ತಾನೇ ಇಲ್ಲ ಅಂದ್ರೆ ಡ್ರೈವರ್ (ವೈಫೈ ಕಾರ್ಡನ್ನ ನಡೆಸೋ ಸಾಫ್ಟ್‌ವೇರ್) ಹುಡುಕ್ತಾ ಕೂರಬೇಡಿ, ಸಿಸ್ಟಮ್ಮನ್ನೇ ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿ. ಹೆಚ್ಚಿನ ವೈಫೈ ಡ್ರೈವರುಗಳು ಕರ್ನಲ್ (ಸಿಸ್ಟಮ್ಮಿನ ತಿರುಳು) ಜೊತೆಗೇ ಬರೋದು. ಕಾರ್ಡು ಹೊಸದು, ಕರ್ನಲ್ ಹಳೇದು ಅಂದ್ರೆ ಅವೆರಡಕ್ಕೂ ಪರಿಚಯವೇ ಇರಲ್ಲ. ಇಂಟೆಲ್ ಎಎಕ್ಸ್210 ಕಾರ್ಡಿಗೆ ಕರ್ನಲ್ 5.10 ಆದ್ರೂ ಬೇಕು. ಉಬುಂಟು 20.04 ಬಂದಾಗ ಅದರಲ್ಲಿದ್ದದ್ದು 5.4, 22.04ರಲ್ಲಿ 5.15. ಮೊದಲು ಹೊಸ ಆವೃತ್ತಿಯನ್ನ ಪೆನ್‌ಡ್ರೈವಿಂದ ಲೈವ್ ಆಗಿ, ಅಂದ್ರೆ ಇನ್‌ಸ್ಟಾಲ್ ಮಾಡದೇ, ಓಡಿಸಿ ನೋಡಿ, ಮೇಲಿನ ಬಲಮೂಲೆಯಲ್ಲಿ ನೆಟ್‌ವರ್ಕ್ ಪಟ್ಟಿ ಬಂದ್ರೆ ಧೈರ್ಯವಾಗಿ ಮುಂದುವರಿಯಿರಿ. ಅಪ್‌ಗ್ರೇಡಿಗೆ ಬೇಕಾದ ಇಂಟರ್ನೆಟ್ಟಿಗೆ ಫೋನಿನ ಯುಎಸ್‌ಬಿ ಟೆದರಿಂಗ್ (ಕೇಬಲ್ ಮೂಲಕ ಫೋನಿನ ನೆಟ್ ಹಂಚಿಕೊಳ್ಳೋದು) ಸಾಕು. ಬ್ರಾಡ್‌ಕಾಮ್‌ನ ಕೆಲವು ಹಳೇ ಕಾರ್ಡುಗಳಿಗೆ ಮಾತ್ರ ಈ ಮದ್ದು ನಾಟಲ್ಲ, ಡ್ರೈವರ್ ಬೇರೆಯಾಗೇ ಹಾಕಬೇಕು. ಹಾಂ, ಕೀಬೋರ್ಡಿನ ಏರೋಪ್ಲೇನ್ ಕೀ ಒತ್ತಿಹೋಗಿದೆಯಾ ಅಂತಲೂ ಒಮ್ಮೆ ನೋಡ್ಕೊಳ್ಳಿ!