ಸ್ಲೋ ಕುಕ್ಕರ್‌ನಲ್ಲಿ ಬಾರ್ಬೆಕ್ಯೂ ರಿಬ್ಸ್: ಆರನೇ ಸಲಕ್ಕೆ ಕೈಹಿಡಿಯಿತು

ಇದ್ದಿಲಿನ ಮೇಲೆ ಗಂಟೆಗಟ್ಟಲೆ ಹೊಗೆ ಕೊಟ್ಟು ಹಂದಿ ರಿಬ್ಸ್ (ಪಕ್ಕೆಲುಬಿನ ಮಾಂಸ) ಮಾಡುವ ಗೆಳೆಯರು ನನಗಿದ್ದಾರೆ. ಸ್ಲೋ ಕುಕ್ಕರ್, ಅಂದರೆ ಸಣ್ಣ ಬಿಸಿಯಲ್ಲಿ ನಿಧಾನಕ್ಕೆ ಬೇಯಿಸುವ ಕರೆಂಟಿನ ಪಾತ್ರೆ, ಅದರ ಹೆಸರೆತ್ತಿದ ಕೂಡಲೇ ಅವರದು ಒಂದೇ ಮಾತು: 'ಅದು ಬಾರ್ಬೆಕ್ಯೂ ಅಲ್ಲ, ನೀರಲ್ಲಿ ಬೆಂದ ಹಂದಿ.' ಮೊದಲ ಐದು ಸಲ ಅವರು ಹೇಳಿದ ಹಾಗೇ ಆಯಿತು. ಆರನೇ ಸಲ ಮಾಡಿದ್ದನ್ನು ಅವರೇ ಮೂಳೆ ಚೀಪಿ ಖಾಲಿ ಮಾಡಿದರು. ಆಮೇಲೆ ಹತ್ತು ಹನ್ನೆರಡು ಸಲ ಮಾಡಿದ್ದೇನೆ, ಒಂದು ಸಲವೂ ಕೆಟ್ಟಿಲ್ಲ.

ಮೊದಲ ಸಲ ಒಂದೂವರೆ ಕಿಲೋ ರಿಬ್ಸ್ ಮೇಲೆ ಇಡೀ ಬಾಟಲಿ ಬಾರ್ಬೆಕ್ಯೂ ಸಾಸ್ ಸುರಿದೆ. ತಳ ಹಿಡಿದೀತು ಅಂತ ಒಂದು ಲೋಟ ನೀರೂ ಹಾಕಿದೆ. ಎಂಟು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಒಳಗೆ ತೆಳ್ಳಗಿನ ಸಿಹಿ ಸಾರು. ಇಕ್ಕಳದಲ್ಲಿ ಎತ್ತಿದೆ, ಬರೀ ಮೂಳೆ ಕೈಗೆ ಬಂತು. ಮಾಂಸವೆಲ್ಲ ಎಳೆ ಎಳೆಯಾಗಿ ತಳದಲ್ಲೇ ಉಳಿಯಿತು. ಎರಡನೇ ಸಲ ನೀರು ಬಿಟ್ಟೆ, ಆದರೆ ಅವಸರಕ್ಕೆ 'ಹೈ'ನಲ್ಲಿ ಆರು ಗಂಟೆ ಇಟ್ಟೆ. ಅದೂ ಹಿಟ್ಟಾಯಿತು. ಲೋ ಆಗಲಿ ಹೈ ಆಗಲಿ, ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ. ಎಷ್ಟು ಬೇಗ ಮುಟ್ಟುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ರಿಬ್ಸ್‌ಗೆ ಆ ನಿಧಾನವೇ ಬೇಕು. ನಾನಂತೂ ಹೈ ಗುಂಡಿ ಮುಟ್ಟುವುದನ್ನೇ ಬಿಟ್ಟಿದ್ದೇನೆ.

ಮೂರನೇ ಸಲ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದೆ. ಕೆಳಗಿನವು ಕರಗಿ ಹೋದವು, ನಡುವಿನವು ರಬ್ಬರಿನ ಹಾಗೇ ಉಳಿದವು. ನಾಲ್ಕನೇ ಸಲ ಮೂಳೆಯ ಕಡೆ ಅಂಟಿರುವ ಪೊರೆ ತೆಗೆಯಲು ಸೋಮಾರಿತನ ಮಾಡಿ ಕೆಡಿಸಿದೆ. ಐದನೇ ಸಲ ಎಲ್ಲ ಸರಿಯಾಗಿತ್ತು, ಸಾಸ್ ಬಳಿದು ಗ್ರಿಲ್ (ಓವನ್ ಒಳಗೆ ಮೇಲಿನಿಂದ ಬಿಸಿ ಕೊಡುವ ಸಲಾಕೆ) ಕೆಳಗೆ ಇಟ್ಟು ಫೋನ್ ಎತ್ತಿದೆ, ಸಾಸಿನ ಸಕ್ಕರೆ ಕರಟಿ ಕಹಿಯಾಯಿತು. ಈ ಐದು ಸಲದ ಮಾಂಸಕ್ಕೆ ಸುರಿದ ದುಡ್ಡಿನಲ್ಲಿ ಇನ್ನೊಂದು ಕುಕ್ಕರ್ ಬರುತ್ತಿತ್ತು. ರಿಬ್ಸ್‌ನಲ್ಲಿ ಮೂಳೆಯ ತೂಕಕ್ಕೂ ಕಾಸು ಕೊಡುತ್ತೇವೆ ಅಲ್ವಾ? ಒಂದೂವರೆ ಕಿಲೋ ತಂದರೆ ಬೆಂದ ಮೇಲೆ ತಟ್ಟೆಗೆ ಬೀಳುವ ಮಾಂಸ ಅದರ ಅರ್ಧವೂ ಇರುವುದಿಲ್ಲ. ಅದಕ್ಕೇ ಹೊಸಬರು ದುಬಾರಿ ಬೇಬಿ ಬ್ಯಾಕ್ (ಬೆನ್ನಿನ ಕಡೆಯ ಸಣ್ಣ ರಿಬ್ಸ್) ಮೇಲೆ ಕೈ ಪಳಗಿಸುವುದು ಬೇಡ. ಸ್ಪೇರ್ ರಿಬ್ಸ್ (ಹೊಟ್ಟೆಯ ಕಡೆಯವು) ಅಗ್ಗ, ಕೊಬ್ಬು ಜಾಸ್ತಿ, ಒಂದು ಗಂಟೆ ಆಚೀಚೆ ಆದರೂ ಕ್ಷಮಿಸುತ್ತದೆ.

ಕೊನೆಗೆ ನನಗೆ ಹೊಳೆದದ್ದು ಇಷ್ಟು. ಕುಕ್ಕರ್ ಮಾಡಬೇಕಾದ್ದು ಮೆತ್ತಗೆ ಮಾಡುವ ಕೆಲಸ ಮಾತ್ರ. ಬಾರ್ಬೆಕ್ಯೂ ಆಗುವುದು ಅದರಿಂದ ಹೊರಗೆ ಬಂದ ಮೇಲೆ. ಒಳಗೆ ಹೋಗುವಾಗ ಒಣಗಿರಬೇಕು, ಸಾಸಿನ ಹನಿಯೂ ಕೂಡದು.

ಈಗ ಪೊರೆಯಿಂದಲೇ ಶುರು ಮಾಡುತ್ತೇನೆ. ಮೂಳೆಯ ಕಡೆ, ತುದಿಯಿಂದ ಎರಡನೇ ಮೂಳೆಯ ಮೇಲೆ, ಬೆಣ್ಣೆ ಚಾಕುವಿನ ಮೊಂಡು ತುದಿಯನ್ನು ಪೊರೆಯ ಅಡಿ ತೂರಿಸಬೇಕು. ಸ್ವಲ್ಪ ಮೇಲೆದ್ದ ಕೂಡಲೇ ಪೇಪರ್ ಟವೆಲ್‌ನಲ್ಲಿ ಹಿಡಿದು ಎಳೆಯಬೇಕು. ಬರಿಗೈಗೆ ಜಾರುತ್ತದೆ. ಸರಿಯಾಗಿ ಸಿಕ್ಕರೆ ಪರ್ ಅಂತ ಸದ್ದು ಮಾಡುತ್ತಾ ಒಂದೇ ಹಾಳೆಯಾಗಿ ಬಂದುಬಿಡುತ್ತದೆ, ಕೆಳಗಿನ ಮೂಳೆಗಳು ಬೆಳ್ಳಗೆ ಸಾಲಾಗಿ ಕಾಣುತ್ತವೆ.

ಹಿಂದಿನ ರಾತ್ರಿಯೇ ಒಣ ಮಸಾಲೆ ಹಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಬ್ರೌನ್ ಶುಗರ್, ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆ ಕೊಟ್ಟ ಕೆಂಪು ಮೆಣಸಿನ ಪುಡಿ), ಬೆಳ್ಳುಳ್ಳಿ ಪುಡಿ, ಕರಿಮೆಣಸು, ಉಪ್ಪು, ಮತ್ತೆ ಇನ್ನೆರಡು ಪುಡಿ. ಆ ಎರಡು ಪುಡಿಯ ಹೆಸರೂ, ಎಲ್ಲದರ ಅಳತೆಯೂ ನನ್ನಲ್ಲೇ ಇರಲಿ. ಉಪ್ಪು ಮಾತ್ರ ನೀವು ಅಂದುಕೊಂಡದ್ದರ ಅರ್ಧ ಹಾಕಿ, ಕಾರಣ ಮುಂದೆ ಬರುತ್ತದೆ.

ಬೆಳಿಗ್ಗೆ ಬಿಡಿ ಮಾಡದ ಇಡೀ ರಿಬ್ಸ್ ಸಾಲನ್ನು, ಅಂದರೆ ರ‍್ಯಾಕನ್ನು ಮಲಗಿಸುವುದಿಲ್ಲ, ನಿಲ್ಲಿಸುತ್ತೇನೆ. ಮಾಂಸದ ಮೈ ಪಾತ್ರೆಯ ಗೋಡೆಗೆ, ಮೂಳೆ ಒಳಕ್ಕೆ, ಸುತ್ತಿ ನಿಲ್ಲಿಸಿದರೆ ಎಲ್ಲ ಕಡೆ ಒಂದೇ ಸಮ ಬೇಯುತ್ತದೆ. ನೀರು ಒಂದು ಚಮಚವೂ ಬೇಡ. ಒಂದೂವರೆ ಕಿಲೋ ರಿಬ್ಸ್ ತಾನೇ ಒಂದೂವರೆ ಕಪ್ಪಿನಷ್ಟು ರಸ ಬಿಡುತ್ತದೆ. ಲೋನಲ್ಲಿ ಬೇಬಿ ಬ್ಯಾಕ್‌ಗೆ ಆರು ಗಂಟೆ, ಸ್ಪೇರ್ ರಿಬ್ಸ್‌ಗೆ ಏಳು, ಏಳೂವರೆ. ಮಧ್ಯೆ ಮುಚ್ಚಳ ತೆಗೆಯಬಾರದು. ಒಂದು ಸಲ ಇಣುಕಿದರೆ ಇಪ್ಪತ್ತು ಮೂವತ್ತು ನಿಮಿಷದ ಬಿಸಿ ಹೋಯಿತು ಅಂತಲೇ ಲೆಕ್ಕ. ನಾನು ಥರ್ಮಾಮೀಟರ್ ಕೊನೆಗೊಂದೇ ಸಲ ಚುಚ್ಚುತ್ತೇನೆ, ಎರಡು ಮೂಳೆಯ ನಡುವೆ. 63 ಡಿಗ್ರಿ ಸೆಲ್ಸಿಯಸ್‌ಗೇ ಬಂದು ಮೂರು ನಿಮಿಷ ಬಿಟ್ಟರೆ ಹಂದಿಯ ಇಡೀ ತುಂಡು ತಿನ್ನಲು ಸುರಕ್ಷಿತ, ಆದರೆ ರಿಬ್ಸ್ ಆಗ ಇನ್ನೂ ಜಗ್ಗುತ್ತಿರುತ್ತದೆ. ನನಗೆ 90 ಬೇಕು. 95 ದಾಟಿದರೆ ಗ್ರಿಲ್‌ಗೆ ಎತ್ತುವಾಗ ಮುರಿಯುತ್ತದೆ.

ಇಲ್ಲಿಂದ ಮುಂದಿನದೇ ಆಟ ಬದಲಿಸಿದ್ದು. ಬೆಂದ ಕೂಡಲೇ ಗ್ರಿಲ್ ಮಾಡುವುದಿಲ್ಲ. ಅರ್ಧ ಗಂಟೆ ಆರಿಸಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡುತ್ತೇನೆ. ಮರುದಿನ ರ‍್ಯಾಕ್ ಹಲಗೆಯ ಹಾಗೆ ಗಟ್ಟಿಯಾಗಿರುತ್ತದೆ, ಎತ್ತಿದರೂ ತಿರುಗಿಸಿದರೂ ಮುರಿಯುವುದಿಲ್ಲ. ರಸದ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ, ಚಮಚದಲ್ಲಿ ಎತ್ತಿ ತೆಗೆದರೆ ಆಯಿತು. ಕೆಳಗೆ ಉಳಿಯುವ ಜೆಲ್ಲಿಯನ್ನು ಬಾಣಲೆಯಲ್ಲಿ ಕಾಲು ಭಾಗಕ್ಕೆ ಇಂಗಿಸಿ ಸಾಸಿಗೆ ಸೇರಿಸುತ್ತೇನೆ. ಉಪ್ಪು ಅರ್ಧ ಅಂದದ್ದು ಇದಕ್ಕೇ, ಇಂಗಿದಾಗ ಅದೆಲ್ಲ ಒಂದೆಡೆ ಸೇರುತ್ತದೆ. ಬಾಟಲಿ ಸಾಸ್ ಮೂರರಲ್ಲಿ ಒಂದು ಭಾಗ ಸಾಕಾಗುತ್ತದೆ, ಅಲ್ಲೂ ದುಡ್ಡು ಉಳಿಯಿತು.

ರ‍್ಯಾಕನ್ನು ಓವನ್‌ನಲ್ಲಿ ಬಿಸಿ ಮಾಡಿಕೊಂಡು, ಗ್ರಿಲ್‌ನಿಂದ ಒಂದು ಗೇಣು ಕೆಳಗೆ ಇಟ್ಟು, ಮೂರು ಸಲ ತೆಳ್ಳಗೆ ಬಳಿಯುತ್ತೇನೆ. ಪ್ರತಿ ಸಲ ಎರಡು ಮೂರು ನಿಮಿಷ, ಅಲ್ಲಿಂದ ಕಣ್ಣು ಕೀಳದೆ. ಮೊದಲ ಪದರ ಮಂಕಾಗಿ ಒಣಗುತ್ತದೆ. ಮೂರನೆಯದು ಗುಳ್ಳೆ ಎದ್ದು, ಅಂಚಿನಲ್ಲಿ ಅಲ್ಲಲ್ಲಿ ಕಪ್ಪಾಗಿ ಹೊಳೆಯತೊಡಗಿದಾಗ ಹೊರಗೆ.

ಗೆಳೆಯರು ಕತ್ತರಿಸಿ ನೋಡಿ, 'ಗುಲಾಬಿ ಗೆರೆ ಇಲ್ಲವಲ್ಲ' ಅಂದರು. ನಿಜ, ಇಲ್ಲ. ಹೊಗೆಯ ಅನಿಲ ಮಾಂಸದ ಬಣ್ಣದ ಜೊತೆ ಸೇರಿದಾಗ ಆ ಗೆರೆ ಬರುತ್ತದೆ, ಅದಕ್ಕೆ ರುಚಿ ಇಲ್ಲ. ಹೊಗೆಯ ವಾಸನೆಗೆ ಲಿಕ್ವಿಡ್ ಸ್ಮೋಕ್ (ಬಾಟಲಿಯಲ್ಲಿ ಸಿಗುವ ಹೊಗೆಯ ಸಾರ) ಅರ್ಧ ಟೀ ಚಮಚ, ಅದೂ ಸಾಸಿಗೆ. ಒಮ್ಮೆ ಎರಡು ಚಮಚ ಹಾಕಿ ನೋಡಿದೆ, ಬೂದಿ ನೆಕ್ಕಿದ ಹಾಗಾಯಿತು. ಕುಕ್ಕರ್ ತಳದಲ್ಲಿ ಈರುಳ್ಳಿ ಹಾಸಿದ್ದು ಚೆನ್ನಾಗಿತ್ತು. ಕೋಲಾ ಹಾಕಿದ್ದು ದಂಡ. ಈಗ ಈರುಳ್ಳಿ ಬದಲು ಬೇರೊಂದು ಹಾಸುತ್ತೇನೆ, ಅದೂ ನನ್ನಲ್ಲೇ ಇರಲಿ.

ಕರೆಂಟಿಗೆ ಹೆದರಬೇಡಿ, ಏಳು ಗಂಟೆ ಹೊತ್ತು ಓಡಿದರೆ ನನ್ನ ಕುಕ್ಕರ್ ಒಂದು, ಒಂದೂಕಾಲು ಯೂನಿಟ್ ತಿನ್ನಬಹುದು. ಈ ನಡುವೆ ಮಿಕ್ಕ ರಸದಲ್ಲಿ ರಾಜ್ಮಾ ಮಾಡಿ ನೋಡಿದೆ. ನೆನೆಸಿದ ಕಾಳನ್ನು ಮೊದಲು ಒಲೆಯ ಮೇಲೆ ಹೊಸ ನೀರಿನಲ್ಲಿ 10 ನಿಮಿಷ ಕೊತಕೊತ ಕುದಿಸಲೇಬೇಕು, ಸುಮ್ನೆ ಹಸಿಯಾಗಿ ಸ್ಲೋ ಕುಕ್ಕರ್‌ಗೆ ಹಾಕಿದರೆ ಅದರ ನಂಜು ಹೋಗುವುದಿಲ್ಲ. ಆಮೇಲೆ ರಸಕ್ಕೆ ಹಾಕಿ ಲೋನಲ್ಲಿ ಬಿಟ್ಟೆ. ಆ ದಿನ ರಿಬ್ಸ್‌ಗಿಂತ ಮೊದಲು ಖಾಲಿಯಾದದ್ದು ಆ ಕಾಳೇ.