ಒಂದೇ ಡಬ್ಬವೋ, ಎರಡು ಡಬ್ಬವೋ

2021ರ ಮಳೆಗಾಲದ ಒಂದು ಸಂಜೆ ನಮ್ಮ ಏರಿಯಾದಲ್ಲಿ ಸಿಡಿಲು ಹೊಡೆಯಿತು. ಕೇಬಲ್ ಲೈನಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವಯರಿನ ಮೂಲಕ ನನ್ನ ಹೋಮ್ ಥಿಯೇಟರ್ ರಿಸೀವರಿಗೆ (ಸಿನಿಮಾ ಸದ್ದನ್ನು ಸ್ಪೀಕರುಗಳಿಗೆ ಹಂಚುವ ಡಬ್ಬ) ಬಂದಿರಬೇಕು. ರಿಸೀವರ್ ಅರ್ಧ ಸತ್ತಿತು. ಅರ್ಧ ಯಾಕೆಂದರೆ ಎಫ್‌ಎಂ ಬರುತ್ತಿತ್ತು, ಸಿಡಿ ಹಾಡುತ್ತಿತ್ತು, ಆಪ್ಟಿಕಲ್ ವಯರ್ ಹಾಕಿದರೆ ಟಿವಿಯ ಸದ್ದೂ ಬರುತ್ತಿತ್ತು. ಎಚ್‌ಡಿಎಂಐ ಮಾತ್ರ ಪೂರ್ತಿ ಹೋಗಿತ್ತು. ಸರ್ವಿಸ್ ಸೆಂಟರಿನಲ್ಲಿ "ಈ ಬೋರ್ಡು ಈಗ ಬರಲ್ಲ ಸಾರ್" ಎಂದರು.

2011ರ ಮಾಡೆಲ್ಲು ಅದು. ಸಿಡಿಲು ಹೊಡೆಯದಿದ್ದರೂ ಹಳೆಯದಾಗಿತ್ತು ಬಿಡಿ. 4ಕೆ ಚಿತ್ರ ಅದರ ಮೂಲಕ ಟಿವಿಗೆ ಹೋಗುತ್ತಲೇ ಇರಲಿಲ್ಲ. ಆದರೆ ಒಳಗಿನ ಆಂಪ್ಲಿಫೈಯರ್, ಅಂದರೆ ಸ್ಪೀಕರಿಗೆ ಬಲ ಕೊಡುವ ಆಂಪ್, ಗಟ್ಟಿಮುಟ್ಟಾಗಿತ್ತು. ಒಂದು ಬೋರ್ಡು ಹೋಯಿತೆಂದು ಹನ್ನೊಂದು ಕೆಜಿ ಡಬ್ಬವನ್ನೇ ಗುಜರಿಗೆ ಹಾಕಬೇಕಾ? ಆ ಸಿಟ್ಟಿನಲ್ಲೇ ಇನ್ನು ಮೇಲೆ ಬಿಡಿಬಿಡಿಯಾಗಿ ತಗೊಳ್ಳೋಣ ಅಂತ ತೀರ್ಮಾನಿಸಿದೆ.

ಬಿಡಿಬಿಡಿ ಅಂದರೆ ಇಷ್ಟೇ. ರಿಸೀವರಿನಲ್ಲಿ ಡಾಲ್ಬಿ, ಡಿಟಿಎಸ್ ಎಂಬ ಸಿನಿಮಾ ಸದ್ದಿನ ಕೋಡುಗಳನ್ನು ಬಿಡಿಸುವ ಪ್ರೊಸೆಸರ್, ಎಚ್‌ಡಿಎಂಐ ಸ್ವಿಚ್ಚು, ಏಳೆಂಟು ಚಾನೆಲ್ಲಿನ ಆಂಪ್, ರೇಡಿಯೋ ಎಲ್ಲ ಒಂದೇ ಡಬ್ಬದಲ್ಲಿರುತ್ತವೆ. ಸೆಪರೇಟ್ಸ್‌ನಲ್ಲಿ ಪ್ರೊಸೆಸರ್ ಬೇರೆ, ಪವರ್ ಆಂಪ್ ಬೇರೆ. ಈ ಎರಡರ ಆಯುಸ್ಸು ಒಂದೇ ಅಲ್ಲ. ಎಚ್‌ಡಿಎಂಐ 1.4 ಬಂದದ್ದು 2009ರಲ್ಲಿ, 2.0 ಬಂದದ್ದು 2013ರಲ್ಲಿ, 2.1 ಬಂದದ್ದು 2017ರಲ್ಲಿ. ತಲೆಯ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ ಬಂತು, ಎರಡೇ ವರ್ಷದಲ್ಲಿ ಮನೆಯ ರಿಸೀವರಿಗೂ ಬಂತು. ಆಂಪ್‌ಗೆ ಈ ಓಟ ಇಲ್ಲ. ಒಳ್ಳೆ ಪವರ್ ಆಂಪ್ ಇಪ್ಪತ್ತು ವರ್ಷವಾದರೂ ನಡೆಯುತ್ತದೆ. ಹಾಗಾಗಿ ಬದಲಾಗುವುದನ್ನು ಒಂದು ಡಬ್ಬದಲ್ಲಿ, ಬದಲಾಗದ್ದನ್ನು ಇನ್ನೊಂದರಲ್ಲಿ ಇಡುವುದು ಬುದ್ಧಿವಂತಿಕೆ ಅಲ್ವಾ?

ಲೆಕ್ಕ ಸರಿಯಾಗಿಯೇ ಇತ್ತು, ಬೆಲೆ ಕೇಳುವವರೆಗೆ. ಎಸ್‌ಪಿ ರೋಡಿನ ಅಂಗಡಿಯವರು "ರಿಸೀವರ್ ಎಲ್ಲಾ ಮಕ್ಕಳ ಆಟದ ಸಾಮಾನು ಸಾರ್, ಸೆಪರೇಟ್ಸ್ ತಗೊಳ್ಳಿ" ಎಂದು ಹುರಿದುಂಬಿಸಿದರು. ಆಮೇಲೆ ಹೇಳಿದ ಪ್ರೊಸೆಸರಿನ ಬೆಲೆಯೊಂದೇ ನನ್ನ ಒಂದೂವರೆ ಲಕ್ಷದ ಬಜೆಟ್ ದಾಟಿತು. ಪವರ್ ಆಂಪ್ ಮಾತು ಎತ್ತಲೇ ಇಲ್ಲ. ವಿಚಿತ್ರ ಏನಪ್ಪಾ ಅಂದರೆ, ಬೇಗ ಹಳೆಯದಾಗುವ ಡಬ್ಬಕ್ಕೇ ಇಷ್ಟೊಂದು ದುಡ್ಡು.

ಮನೆಗೆ ಬಂದು, ನಿಜವಾಗಿ ನನಗೆ ಎಷ್ಟು ವಾಟ್ ಬೇಕು ಅಂತ ಅಳೆಯಲು ಕೂತೆ. ಇದಕ್ಕೆ ಸಾಧಾರಣ ಮಲ್ಟಿಮೀಟರ್ ಸಾಕು. ಗದ್ದಲದ ಸಿನಿಮಾಗೆ ನಾವು ಅತಿ ಹೆಚ್ಚು ಅಂದರೆ ಎಷ್ಟು ವಾಲ್ಯೂಮ್ ಇಡುತ್ತೇವೋ ನೋಡಿಕೊಂಡೆ. ಆಮೇಲೆ ಸ್ಪೀಕರ್ ವಯರ್ ಬಿಚ್ಚಿದೆ. ಇದನ್ನು ಮರೆಯಬೇಡಿ. ಸ್ಪೀಕರ್ ಇದ್ದರೆ ಅದಕ್ಕೂ ಕಿವಿಗೂ ಕಷ್ಟ. ಬಿಚ್ಚಿದ ವಯರ್ ತುದಿಗಳು ಒಂದಕ್ಕೊಂದು ತಾಗಲೂಬಾರದು. ಪೆನ್ ಡ್ರೈವಿನಲ್ಲಿ 200 ಹರ್ಟ್ಜ್‌ನ ಟೋನ್ ಹಾಕಿಕೊಂಡಿದ್ದೆ. ಫೈಲಿನಲ್ಲಿ ಸಾಧ್ಯವಿರುವ ಪೂರ್ತಿ ಮಟ್ಟದಲ್ಲಿ ರೆಕಾರ್ಡ್ ಆದದ್ದು. ಟಿವಿಯಿಂದ ಆಪ್ಟಿಕಲ್ ಮೂಲಕ ಅದೇ ಅರ್ಧ ಸತ್ತ ರಿಸೀವರಿಗೆ ಕೊಟ್ಟು, ಸ್ಪೀಕರ್ ತುದಿಯಲ್ಲಿ ಎಸಿ ವೋಲ್ಟ್ ನೋಡಿದೆ. 14 ಬಂತು. ಹದಿನಾಲ್ಕನ್ನು ಹದಿನಾಲ್ಕರಿಂದ ಗುಣಿಸಿ, ಸ್ಪೀಕರಿನ 8 ಓಮ್‌ನಿಂದ ಭಾಗಿಸಿದರೆ 24.5 ವಾಟ್.

ಇದು ಕಟ್ಟಕಡೆಯ ಮಿತಿ. ಮಾತುಕತೆಯ ದೃಶ್ಯಗಳಲ್ಲಿ ಒಂದು ವಾಟ್ ಕೂಡ ಹೋಗುವುದಿಲ್ಲ. ರಿಸೀವರ್ ಡಬ್ಬದ ಮೇಲೆ 90 ವಾಟ್ ಅಂತ ಬರೆದಿರುತ್ತಾರೆ. ಅದು ಎರಡೇ ಚಾನೆಲ್ ಓಡಿಸಿದಾಗಿನ ಲೆಕ್ಕ, ಏಳೂ ಒಟ್ಟಿಗೆ ಓಡಿದರೆ ಅಷ್ಟು ಬರುವುದಿಲ್ಲ. ಅರ್ಧಕ್ಕೆ ಇಳಿಯಿತು ಅಂತ ಇಟ್ಟುಕೊಂಡರೂ ನನಗೆ ಸಾಕಾಗಿ ಮಿಗುತ್ತದೆ. ಇನ್ನು 180 ವಾಟಿನ ಪವರ್ ಆಂಪ್ ತಂದರೆ ಸಿಗುವುದೇನು? ವಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್. ಕಿವಿಗೆ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುವಷ್ಟು, ಅಷ್ಟೇ.

ಸೆಪರೇಟ್ಸ್ ಆಸೆ ಅಲ್ಲಿಗೆ ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತದೆ. ಮಧ್ಯದ ದಾರಿ ಹಿಡಿದೆ. ರಿಸೀವರನ್ನೇ ತಗೊಂಡೆ, ಆದರೆ ಎಲ್ಲ ಚಾನೆಲ್ಲಿಗೂ ಪ್ರೀ-ಔಟ್ (ಹೊರಗಿನ ಆಂಪಿಗೆ ಸದ್ದಿನ ಸಿಗ್ನಲ್ ಕೊಡುವ ತೂತು) ಇರುವುದನ್ನು ಹುಡುಕಿದೆ. ಕಡಿಮೆ ಬೆಲೆಯ ಎಷ್ಟೋ ಮಾಡೆಲ್ಲುಗಳಲ್ಲಿ ದಪ್ಪ ಸದ್ದಿಗೆಂದೇ ಇರುವ ಸಬ್‌ವೂಫರಿಗೆ ಮಾತ್ರ ಪ್ರೀ-ಔಟ್ ಇರುತ್ತದೆ, ಹಿಂದುಗಡೆ ತಿರುಗಿಸಿ ನೋಡಿಯೇ ಕೊಳ್ಳಬೇಕು. ಪ್ರೀ-ಔಟ್ ಇದ್ದರೆ ಮುಂದೆ ಯಾವಾಗ ಬೇಕಾದರೂ ಹೊರಗಿನ ಆಂಪ್ ಸೇರಿಸಬಹುದು.

ಒಂದೆರಡು ತಿಂಗಳಿಗೆ ಹೊರಗಿನ ಆಂಪ್ ಬಂದೂ ಬಂತು. ಗೆಳೆಯನೊಬ್ಬ ತನ್ನ ಸ್ಟೀರಿಯೋ ಇಂಟಿಗ್ರೇಟೆಡ್ ಆಂಪನ್ನು ಒಂದು ವಾರಕ್ಕೆ ಕೊಟ್ಟ. ಅದರಲ್ಲಿ ಎಚ್‌ಟಿ ಬೈಪಾಸ್ ಇತ್ತು. ಅಂದರೆ ಅದರ ವಾಲ್ಯೂಮ್ ಗುಂಡಿ ಪಕ್ಕಕ್ಕೆ ಸರಿದು, ರಿಸೀವರ್ ಹೇಳಿದಷ್ಟು ಸದ್ದು ಮಾಡುತ್ತದೆ. ಜೋಡಿಸಿದ ತಕ್ಷಣ 'ಗುಂಯ್' ಅನ್ನುವ ಸದ್ದು ಶುರುವಾಯಿತು. ನಮ್ಮ ಕರೆಂಟಿನ 50 ಹರ್ಟ್ಜ್ ಗುನುಗು. ಎರಡು ಡಬ್ಬ ಎರಡು ಕಡೆಯಿಂದ ಅರ್ತಿಂಗ್ ಹುಡುಕಿದರೆ ಹೀಗಾಗುತ್ತದೆ. ಎರಡನ್ನೂ ಒಂದೇ ಸ್ಪೈಕ್ ಬಸ್ಟರಿಗೆ ಹಾಕಿದೆ, ಕಡಿಮೆಯಾಯಿತು, ಹೋಗಲಿಲ್ಲ. ಕೊನೆಗೆ ಸೆಟ್‌ಟಾಪ್ ಬಾಕ್ಸಿನ ಕೇಬಲ್ ವಯರ್ ಬಿಚ್ಚಿದೆ. ಮನೆ ತಣ್ಣಗಾಯಿತು. ಸಿಡಿಲು ತಂದ ಅದೇ ವಯರು! (ಗುನುಗು ಬಂತು ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ, ಶಾಕ್ ಹೊಡೆದೀತು.)

ಆಮೇಲೆ ಪರೀಕ್ಷೆ. ಎರಡೂ ಆಂಪಿನ ಸದ್ದನ್ನು ಮಲ್ಟಿಮೀಟರ್ ಹಿಡಿದು ಒಂದೇ ಮಟ್ಟಕ್ಕೆ ತಂದೆ. ಇಲ್ಲದಿದ್ದರೆ ಕೂದಲೆಳೆ ಜೋರಾಗಿ ಹಾಡಿದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಭಾವಮೈದುನ ಬೆಡ್‌ಶೀಟಿನ ಮರೆಯಲ್ಲಿ ಕೂತು ವಯರ್ ಬದಲಿಸುತ್ತಿದ್ದ. ನಾನು ಗಂಗೂಬಾಯಿ ಹಾನಗಲ್ಲರ ಆ ಗಟ್ಟಿ ದನಿ ಕೇಳುತ್ತಾ ಯಾವ ಆಂಪ್ ಅಂತ ಬರೆದುಕೊಳ್ಳುತ್ತಿದ್ದೆ. ಹನ್ನೆರಡು ಸಲದಲ್ಲಿ ಏಳು ಸರಿ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. "ಭಾವ, ನಿಜ ಹೇಳಿ, ಸುಮ್ನೆ ಬರೀತಿದ್ರಿ ತಾನೆ?" ಎಂದ. ಹೌದು ಅನ್ನದೆ ಗತಿಯಿರಲಿಲ್ಲ. ಆಂಪ್ ವಾಪಸ್ ಕೊಟ್ಟೆ.

ಕಣ್ಣುಮುಚ್ಚಿದರೂ ಗೊತ್ತಾಗುವ ವ್ಯತ್ಯಾಸ ಸಿಕ್ಕಿದ್ದು ಬೇರೆ ಕಡೆ. ನಮ್ಮ ಹಾಲ್ 14 ಅಡಿ ಉದ್ದ, 12 ಅಡಿ ಅಗಲ. ಅಷ್ಟು ಉದ್ದದ ರೂಮಿನಲ್ಲಿ 40 ಹರ್ಟ್ಜ್ ಸುಮಾರಿಗೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ನಿಂತುಬಿಡುತ್ತದೆ. ಸಬ್‌ವೂಫರ್ ಮೂಲೆಯಲ್ಲಿದ್ದಾಗ ಹಿಂದಿನ ಗೋಡೆಯ ಸೋಫಾದಲ್ಲಿ ಎಲ್ಲವೂ 'ದುಂ'. ಅದಕ್ಕೊಂದು ಹಳೇ ಉಪಾಯವಿದೆ. ಸಬ್‌ವೂಫರನ್ನು ಸೋಫಾದ ಮೇಲಿಟ್ಟು, ನಾವು ನೆಲದ ಮೇಲೆ ಅಂಬೆಗಾಲಿಟ್ಟು ತಿರುಗಬೇಕು. ಎಲ್ಲಿ ತಾಳ ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡುವುದು. ಮಗ ಬೆನ್ನೇರಿ ಆನೆ ಆಟ ಆಡಿದ. ಟಿವಿ ಸ್ಟ್ಯಾಂಡಿನ ಎಡಗಡೆ ಜಾಗ ಸಿಕ್ಕಿತು. ಟೈಲ್ಸ್ ಮೇಲೆ ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಿದ ಮೇಲೆ ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಕೊನೆಗೆ ರಿಸೀವರಿನ ಜತೆ ಬಂದ ಮೈಕನ್ನು ಕಿವಿಯ ಎತ್ತರಕ್ಕೆ ಇಟ್ಟು, ರೂಮಿಗೆ ತಕ್ಕಂತೆ ಸದ್ದನ್ನು ತಾನೇ ಸರಿಪಡಿಸುವ ಆಡಿಸ್ಸಿ ಓಡಿಸಿದೆ. ಪವರ್ ಆಂಪಿಗೆ ಸುರಿಯಬೇಕೆಂದಿದ್ದ ದುಡ್ಡು ಟಿವಿ ಪಕ್ಕದ ಮುಂಭಾಗದ ಮೂರು ಸ್ಪೀಕರಿಗೆ ಹೋಯಿತು.

ಎಲ್ಲರಿಗೂ ಇದೇ ಸರಿ ಅಂತಲ್ಲ. ಆಂಪ್ ಕೊಟ್ಟ ಆ ಗೆಳೆಯನ ಮೈಸೂರಿನ ಮನೆಯಲ್ಲಿ ಹಾಲ್ 24 ಅಡಿ, ಸ್ಪೀಕರ್ 4 ಓಮ್, ಸೆನ್ಸಿಟಿವಿಟಿ (ಒಂದು ವಾಟ್ ಕೊಟ್ಟರೆ ಸ್ಪೀಕರ್ ಎಷ್ಟು ಸದ್ದು ಮಾಡುತ್ತದೆ ಅನ್ನುವ ಅಳತೆ) 84 ಡೆಸಿಬಲ್. ಅದೇ ಸದ್ದಿಗೆ ನನ್ನ 88ರ ಸ್ಪೀಕರ್ ಕುಡಿಯುವ ವಾಟಿನ ಎರಡೂವರೆ ಪಟ್ಟು ಅದಕ್ಕೆ ಬೇಕು. ಅವನ ರಿಸೀವರ್ ಬಿಸಿಯಾಗಿ ತಾನೇ ಆಫ್ ಆಗುತ್ತಿತ್ತು. ಅವನಿಗೆ ಪವರ್ ಆಂಪ್ ಬೇಕೇ ಬೇಕಿತ್ತು. ಬರೀ ಹಾಡು ಕೇಳುವವರಾದರೆ ರಿಸೀವರ್ ಗೊಡವೆಯೇ ಬೇಡ, ಒಂದು ಸ್ಟೀರಿಯೋ ಆಂಪ್ ಸಾಕು.

ಅಮ್ಮನ ವಿಷಯ ಬಿಟ್ಟೆ. ಗೆಳೆಯನ ಆಂಪ್ ಇದ್ದ ವಾರದಲ್ಲಿ ಅವರಿಗೆ ಧಾರಾವಾಹಿ ನೋಡಲು ಮೂರು ರಿಮೋಟ್ ಬೇಕಾಗಿತ್ತು. "ಏನೋ ಇದು, ವಿಮಾನ ಓಡಿಸ್ಬೇಕಾ ನಾನು?" ಎಂದು ಬೈದರು. ಈಗ ಟಿವಿ ರಿಮೋಟ್ ಒತ್ತಿದರೆ ರಿಸೀವರೂ ತಾನೇ ಏಳುತ್ತದೆ.

ಅರ್ಧ ಸತ್ತ ಹಳೇ ಡಬ್ಬವನ್ನು ಗುಜರಿಗೆ ಹಾಕಲಿಲ್ಲ. ಎರಡು ಹಳೇ ಸ್ಪೀಕರ್ ಸಿಕ್ಕಿಸಿ ಅಮ್ಮನ ರೂಮಿನಲ್ಲಿಟ್ಟಿದ್ದೇನೆ. ಬೆಳಗ್ಗೆ ಒಂದೇ ಗುಂಡಿ ಒತ್ತುತ್ತಾರೆ, 102.9ರಲ್ಲಿ ವಿವಿಧ ಭಾರತಿ ಶುರುವಾಗುತ್ತದೆ.